ವಾಟ್ಸ್ಯಾಪಿನಾಗ ಬಂದ ವಚನ ಬಸವಣ್ಣಂದು ಹೌದೋ ಅಲ್ಲೋ, ನೋಡೂದು ಹೆಂಗ?

ಬಸವ ಜಯಂತಿ ಬಂತಂದ್ರ ನಮ್ಮ ವಿಜಾಪುರ ಬಾಗಲಕೋಟಿ ಕಡೆ ಎಲ್ಲಾರ ಮೊಬೈಲಿನಾಗೂ ಅದೇ ಕಾರ್ಡ್ ನೋಡ್ರಿ, ಕುದುರಿ ಮ್ಯಾಲ ಬಸವಣ್ಣ, ಮೂಲ್ಯಾಗ ಕೈ ಮುಗದ ಲೀಡರ್ ಫೋಟೋ (ಒಮ್ಮೊಮ್ಮೆ ಅದು ಬಸವಣ್ಣಂದಕ್ಕಿಂತ ದೊಡ್ಡದಿರ್ತೈತಿ), ನಡುವ ನಾಕು ಸಾಲು ವಚನ. 2024ರ ಜನೆವರಿಯೊಳಗ ಸರ್ಕಾರ ಬಸವಣ್ಣನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಣಾ ಮಾಡಿದ ಮ್ಯಾಲಂತೂ ಯಾವ ಪಕ್ಷದವರಾಗ್ಲಿ ಮೈಕ್ ಹಿಡದ ಕೂಡ್ಲೇ ಒಂದು ವಚನ ಒಗದಬಿಡ್ತಾರ. ಹೇಳ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಯಾರ್ದು, ಪೂರ್ತಿ ಐತೋ ಬಾಲ ಕತ್ತರಿಸ್ಯಾರೋ ಅನ್ನೂದು ನೋಡಾವ್ರು ಕಮ್ಮಿ. ಭಾಷಣ ಬರಿಯಾವ್ರಿಗೆ, ಸಾಲಿ ಮಾಸ್ತರ್‌ಗೋಳಿಗೆ ಉಪಯೋಗ ಆದೀತು ಅಂತ ನಾ ನೋಡೂ ರೀತಿ ಬರೀತೀನಿ.

ಮೊದಲ ಕೊನೀ ಸಾಲಿಗೆ ಹೋಗ್ರಿ, ಅಂಕಿತ, ಅಂದ್ರ ವಚನಕಾರರು ಸಹಿ ಹಂಗ ಹಾಕೂ ದೇವರ ಹೆಸರು, ಇರೂದೇ ಅಲ್ಲಿ. ಬಸವಣ್ಣಂದು ಕೂಡಲಸಂಗಮದೇವ, ಅಲ್ಲಮಂದು ಗುಹೇಶ್ವರ, ಅಕ್ಕಂದು ಚೆನ್ನಮಲ್ಲಿಕಾರ್ಜುನ. ಚೆನ್ನಬಸವಣ್ಣಂದು ಕೂಡಲಚೆನ್ನಸಂಗಮದೇವ, ಇಲ್ಲೇ ಭಾಳ ಮಂದಿ ಜಾರ್ತಾರ, ಆ "ಚೆನ್ನ" ಕಣ್ಣಿಗೆ ಬೀಳೂದೇ ಇಲ್ಲ. ಅಂಕಿತಾನ ಇಲ್ದ ಬರೇ ಕೆಳಗ "ಬಸವಣ್ಣ" ಅಂತ ಹಾಕಿದ್ರ ಅನುಮಾನ ಪಡ್ರಿ. ಅಂಕಿತ ಅಂದ್ರ ಸಣ್ಣ ಮಾತಲ್ಲ, ಕೂಡಲಸಂಗಮದೇವ ತಗದು ಲಿಂಗದೇವ ಅಂತ ಹಾಕಿ ಅಚ್ಚು ಮಾಡಿದ ಪುಸ್ತಕಾನ ಸರ್ಕಾರ 1998ರಾಗ ನಿಷೇಧ ಮಾಡ್ತು, ಆ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿ 2017ರಾಗ ಅಲ್ಲೂ ನಿಷೇಧಾನ ಉಳೀತು.

ಈಗ ಎಲ್ಲಾರಿಗೂ ಗೊತ್ತಿದ್ದ ಮಾತೇ ತಗೋರಿ, "ಕಾಯಕವೇ ಕೈಲಾಸ". ಆಫೀಸಿನ ಗ್ವಾಡಿ ಮ್ಯಾಲ, ಟಂಟಂ ಹಿಂದ, ಎಲ್ಲಾ ಕಡೆ ಬಸವಣ್ಣನ ಹೆಸರಿನಾಗ ಐತಿ. ಅದು ಸಿಗೂದು ಆಯ್ದಕ್ಕಿ ಮಾರಯ್ಯನ (ಬಿದ್ದ ಅಕ್ಕಿ ಆಯೂದನ್ನ ಕಾಯಕ ಮಾಡ್ಕೊಂಡಿದ್ದ ಶರಣ) ವಚನದಾಗ, ಅಂಕಿತ ಅಮರೇಶ್ವರಲಿಂಗ. ಮತ್ತ ಅದರ ಮುಂದಿನ ಹಿಂದಿನ ಸಾಲು ಭಾರೀ ಖಡಕ್ ಅದಾವ, ಕಾಯಕದೊಳಗ ಇದ್ದಾಗ ಗುರು ಎದುರಿಗೆ ಬಂದ್ರೂ ಮರೀಬೇಕು, ಲಿಂಗಪೂಜೆನೂ ಮರೀಬೇಕು, ಜಂಗಮ ಮುಂದ ನಿಂತ್ರೂ ಹಂಗು ಹರೀಬೇಕು ಅಂತಾನ ಆವ. ಇಷ್ಟೂ ಬರದ್ರ ಗ್ವಾಡಿ ಮ್ಯಾಲ ಹಾಕೂ ಧೈರ್ಯ ಯಾರಿಗೈತಿ, ಅದಕ್ಕ ಎರಡ ಶಬ್ದ ಇಟ್ಕೊಂಡು "ಸುಮ್ನ ದುಡೀರಿ" ಅನ್ನೂ ಹಂಗ ಮಾಡ್ಯಾರ. ಆತನ ಹೆಂಡ್ತಿ ಲಕ್ಕಮ್ಮ, ಗಂಡ ಜಾಸ್ತಿ ಅಕ್ಕಿ ಆಯ್ಕೊಂಡು ಬಂದಾಗ "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಅಂದು ಹೊಳ್ಳಿ ಕಳಿಸಿದಾಕಿ. ಆ ಸಾಲು ಯಾವ ಸರ್ಕಾರಿ ಆಫೀಸಿನಾಗೂ ನಾ ನೋಡಿಲ್ಲ ನೋಡ್ರಿ.

ಎರಡನೇದು, ವಚನ ಪೂರ್ತಿ ಓದ್ರಿ. "ಇವ ನಮ್ಮವ" ಅಂತ ಎಲೆಕ್ಷನ್ ಬಂದ್ರ ಎಲ್ಲಾರೂ ಅಂತಾರ, ಅಂದವ ಏನೋ ದೊಡ್ಡಮನಸ್ಸಿನಿಂದ ಮಂದೀನ್ನ ಒಳಗ ಕರ್ಕೊಳ್ಳಾಕತ್ತಾನ ಅನ್ನೂ ಹಂಗ. ವಚನ ಮುಗಿಯೂದು "ನಿಮ್ಮ ಮನೆಯ ಮಗನೆಂದೆನಿಸಯ್ಯಾ" ಅಂತ. ಅಲ್ಲಿ ಬಸವಣ್ಣ ಯಾರಿಗೂ ಜಾಗಾ ಕೊಡಾಕತ್ತಿಲ್ಲ, ನನಗ ಜಾಗಾ ಕೊಡ್ರಿ ಅಂತ ಬೇಡಾಕತ್ತಾನ, ಅದೂ ಕಲ್ಯಾಣದ ರಾಜ ಬಿಜ್ಜಳನ ಭಂಡಾರಿ, ಅಂದ್ರ ಖಜಾನೆ ನೋಡ್ಕೊಳ್ಳಾವ, ಆಗಿದ್ದವ. ಲೀಡರ್ ಬಾಯಾಗ ಬಂದ್ರ ಅದು ಉಲ್ಟಾ ಆಗ್ತೈತಿ.

ಭಾಷಾ ಕಡೆನೂ ಕಣ್ಣಿಡ್ರಿ. ಸಾಲಿನ ಕೊನೀಗೆ ಸಿನಿಮಾ ಹಾಡಿನಂಗ ಪ್ರಾಸ ಕೂಡ್ಸಿದ್ರ, "ಪ್ರಜಾಪ್ರಭುತ್ವ", "ಪಾಸಿಟಿವ್" ತರದ ಇವತ್ತಿನ ಮಾತು ಬಂದ್ರ ಅದು ಈಗಿನವ್ರು ಬರದದ್ದು. ಮೂರು ಸಾಲಾಗಿ "ಸರ್ವಜ್ಞ" ಅಂತ ಮುಗದ್ರ ಅದು ತ್ರಿಪದಿ, ವಚನ ಅಲ್ಲ. ಆದ್ರ "ಮಾಡಿದಡೆ" ಇದ್ದಲ್ಲಿ "ಮಾಡಿದರೆ" ಅಂತ ಇದ್ರ ಗದ್ದಲ ಹಾಕಬ್ಯಾಡ್ರಿ, ತಾಳೆಗರಿ ಪ್ರತಿ ಒಂದೊಂದರಾಗ ಶಬ್ದ ಒಂದೊಂದು ತರ ಇರ್ತಾವ.

ಇಷ್ಟಾದ ಮ್ಯಾಲೂ ಸಂಶಯ ಇದ್ರ ವಚನ ಸಂಚಯ ಅಂತ ವೆಬ್‌ಸೈಟ್ ಐತಿ, 20 ಸಾವಿರಕ್ಕಿಂತ ಹೆಚ್ಚು ವಚನ ಅದಾವ, ನಡುವಿನ ಒಂದು ಅಪರೂಪದ ಶಬ್ದ ಹಾಕಿ ಹುಡುಕ್ರಿ, "ಅಯ್ಯಾ" ಅಂತ ಹಾಕಿದ್ರ ಸಂಜೀತನ ಕುಂದರಬೇಕಾಗ್ತೈತಿ. ಪುಸ್ತಕಾನ ಬೇಕಂದ್ರ ಸರ್ಕಾರ ತಂದ ಸಮಗ್ರ ವಚನ ಸಂಪುಟದ 15 ಸಂಪುಟ ದೊಡ್ಡ ಲೈಬ್ರರಿಯೊಳಗ ಸಿಗ್ತಾವ. ವಿಜಾಪುರದವ್ರಿಗಂತೂ ನೆವ ಇಲ್ಲ, ಫ.ಗು. ಹಳಕಟ್ಟಿಯವ್ರು ವಕೀಲಕಿ ಮಾಡ್ಕೋತ ಊರೂರು ತಿರುಗಿ ತಾಳೆಗರಿ ಕೂಡಿಸಿ 1923ರಾಗ ವಚನಶಾಸ್ತ್ರಸಾರ ಅನ್ನೂ ವಚನಗಳ ಪುಸ್ತಕ ತಂದ್ರು, ಆಮ್ಯಾಲ ಇಲ್ಲೇ ಹಿತಚಿಂತಕ ಪ್ರೆಸ್ ಹಾಕಿದ್ರು, ಅದಕ್ಕ ಮನಿನೂ ಮಾರಿದ್ರು. ಅವ್ರ ಹೆಸರಿನ ಸಂಶೋಧನ ಕೇಂದ್ರ ಊರಾಗೇ ಐತಿ.

ಕೊನೀಗೆ, ಸುಳ್ಳು ವಚನ ಕಳಿಸಿದವ್ರು ಮನಿ ಗ್ರೂಪಿನ ಕಾಕಾನೋ ಮಾವನೋ ಆಗಿರ್ತಾರ. "ಇದು ಫೇಕ್ ರೀ" ಅಂದ್ರ ಅವ್ರು ಸಿಟ್ಟಾಗಿ ಪಕ್ಷದ ಜಗಳ ತಗೀತಾರ, ಮೂಲ ವಿಷಯ ಮಾಯ. ನಾ ಏನ್ ಮಾಡ್ತೀನಂದ್ರ, ಅದೇ ವಿಷಯದ ಮ್ಯಾಲಿನ ಖರೇ ವಚನ ಒಂದು ಹುಡುಕಿ, ಅಂಕಿತದ ಸಮೇತ, ಫೋಟೋ ಗೀಟೋ ಏನೂ ಇಲ್ದ, ಕೆಳಗ ಹಾಕಿಬಿಡ್ತೀನಿ. ಮುಂದಿನ ಸಲ ಕೆಲವರು ಅದನ್ನ ಫಾರ್ವರ್ಡ್ ಮಾಡ್ತಾರ, ಕೆಲವರು ಮತ್ತ ಕುದುರಿ ಕಾರ್ಡೇ ಕಳಿಸ್ತಾರ.