ಪರಮಾಣುವಿನ ಕಣಗಳನ್ನು ಲೆಕ್ಕ ಹಾಕುವುದು ಹೇಗೆ?

ಒಂದು ಪರಮಾಣುವಿನಲ್ಲಿ ಎಷ್ಟು ಪ್ರೋಟಾನು, ನ್ಯೂಟ್ರಾನು ಮತ್ತು ಎಲೆಕ್ಟ್ರಾನುಗಳಿವೆ ಎಂಬುದನ್ನು ಆವರ್ತಕ ಕೋಷ್ಟಕದ ನೆರವಿನಿಂದ ಯಾರು ಬೇಕಾದರೂ ಕಂಡುಕೊಳ್ಳಬಹುದು. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಮತ್ತು ಕ್ಲೋರಿನ್ ಧಾತುಗಳನ್ನೇ ತೆಗೆದುಕೊಳ್ಳೋಣ.

ಮೊದಲು ಪ್ರೋಟಾನು. ಸೋಡಿಯಂನ ಚೌಕದಲ್ಲಿರುವ 11 ಎಂಬ ಪೂರ್ಣಾಂಕವೇ ಅದರ ಪರಮಾಣು ಸಂಖ್ಯೆ. ಅಂದರೆ ಅದರ ನಡುವಿನ ತಿರುಳಾದ ನ್ಯೂಕ್ಲಿಯಸ್ಸಿನಲ್ಲಿ 11 ಪ್ರೋಟಾನುಗಳಿವೆ. ಆವರ್ತಕ ಕೋಷ್ಟಕವನ್ನು ರೂಪಿಸಿದ ಮೆಂಡಲೀವ್ ಧಾತುಗಳನ್ನು ಬಹುಮಟ್ಟಿಗೆ ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿದ್ದರು. ಆದರೆ 1913ರಲ್ಲಿ ಹೆನ್ರಿ ಮೋಸ್ಲಿ ಧಾತುಗಳು ಹೊರಸೂಸುವ ಎಕ್ಸ್-ಕಿರಣಗಳನ್ನು ಅಳೆದು, ಆ ಜೋಡಣೆಗೆ ಪ್ರೋಟಾನುಗಳಿಂದ ನ್ಯೂಕ್ಲಿಯಸ್ಸಿಗೆ ಬರುವ ಧನಾವೇಶವೇ ನಿಜವಾದ ಆಧಾರವೆಂದು ತೋರಿಸಿಕೊಟ್ಟರು. ಧಾತುವಿನ ಗುರುತು ಪ್ರೋಟಾನುಗಳ ಸಂಖ್ಯೆಯಲ್ಲಿಯೇ ಇರುವುದರಿಂದ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಬೇಕು.

ಅನಂತರ ನ್ಯೂಟ್ರಾನು. ಪ್ರೋಟಾನು ಮತ್ತು ನ್ಯೂಟ್ರಾನುಗಳ ಒಟ್ಟು ಸಂಖ್ಯೆಯೇ ರಾಶಿ ಸಂಖ್ಯೆ. ಅದರಿಂದ ಪರಮಾಣು ಸಂಖ್ಯೆಯನ್ನು ಕಳೆದರೆ ನ್ಯೂಟ್ರಾನುಗಳ ಸಂಖ್ಯೆ ಸಿಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂನ ರಾಶಿ ಸಂಖ್ಯೆ 23 ಆದ್ದರಿಂದ ಅದರಲ್ಲಿ 12 ನ್ಯೂಟ್ರಾನುಗಳಿವೆ. ವಿದ್ಯಾರ್ಥಿಗಳು ಎಡವುವುದು ಕ್ಲೋರಿನ್ ಬಂದಾಗ. ಅದರ ಪರಮಾಣು ಸಂಖ್ಯೆ 17, ಕೋಷ್ಟಕದಲ್ಲಿರುವ ಪರಮಾಣು ತೂಕ 35.45. ಕಳೆದರೆ 18.45 ಬರುತ್ತದೆ, ನ್ಯೂಟ್ರಾನುಗಳ ಸಂಖ್ಯೆ ಹೀಗೆ ದಶಾಂಶದಲ್ಲಿರಲು ಸಾಧ್ಯವಿಲ್ಲ. ಕೋಷ್ಟಕದಲ್ಲಿ ಕೊಟ್ಟಿರುವುದು ಸರಾಸರಿ ತೂಕವಾಗಿರುವುದೇ ಇದಕ್ಕೆ ಕಾರಣ. ನಿಸರ್ಗದಲ್ಲಿ ದೊರೆಯುವ ಪ್ರತಿ ನೂರು ಕ್ಲೋರಿನ್ ಪರಮಾಣುಗಳಲ್ಲಿ ಸುಮಾರು 76ರ ರಾಶಿ ಸಂಖ್ಯೆ 35, ಉಳಿದ 24ರದ್ದು 37. ಮೊದಲನೆಯ ಬಗೆಯಲ್ಲಿ 18 ನ್ಯೂಟ್ರಾನುಗಳಿದ್ದರೆ ಎರಡನೆಯದರಲ್ಲಿ 20 ಇವೆ. ಪ್ರೋಟಾನುಗಳು ಎರಡರಲ್ಲಿಯೂ 17. ಇಂಥವನ್ನು ಸಮಸ್ಥಾನಿಗಳೆನ್ನುತ್ತಾರೆ. ಸರಾಸರಿಯನ್ನು 35ಕ್ಕೆ ಇಳಿಸಿ ಲೆಕ್ಕ ಮುಗಿಸುವ ಅಭ್ಯಾಸ ಪರೀಕ್ಷೆಯಲ್ಲಿ ಅಂಕ ತಂದುಕೊಟ್ಟರೂ ಈ ಸೊಗಸಾದ ಸಂಗತಿಯನ್ನೇ ಮರೆಮಾಡಿಬಿಡುತ್ತದೆ. ಎಲೆಕ್ಟ್ರಾನು 1897ರಲ್ಲೇ ತಿಳಿದಿದ್ದರೂ, ಆವೇಶವಿಲ್ಲದ ನ್ಯೂಟ್ರಾನನ್ನು ಜೇಮ್ಸ್ ಚಾಡ್ವಿಕ್ ಪತ್ತೆ ಹಚ್ಚಿದ್ದು 1932ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ಕೊನೆಗೆ ಎಲೆಕ್ಟ್ರಾನು. ಪ್ರೋಟಾನಿನ ತೂಕ ಇದರ ಸುಮಾರು 1836 ಪಟ್ಟು ಇರುವುದರಿಂದ ರಾಶಿ ಸಂಖ್ಯೆಯಲ್ಲಿ ಎಲೆಕ್ಟ್ರಾನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಪ್ರೋಟಾನುಗಳಷ್ಟೇ ಇರುತ್ತವೆ. ಅವು ನ್ಯೂಕ್ಲಿಯಸ್ಸಿನ ಸುತ್ತ ಕವಚಗಳೆಂಬ ಪದರಗಳಲ್ಲಿರುತ್ತವೆ. ಅವುಗಳನ್ನು ಒಳಗಿನ ಕವಚದಿಂದ ಹೊರಕ್ಕೆ ತುಂಬುತ್ತಾ ಹೋದರೆ ಸೋಡಿಯಂಗೆ 2, 8, 1 ಎಂದೂ ಕ್ಲೋರಿನ್‌ಗೆ 2, 8, 7 ಎಂದೂ ಬರುತ್ತದೆ. ಉಪ್ಪು ಉಂಟಾಗುವಾಗ ಸೋಡಿಯಂ ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಡುತ್ತದೆ. ಆಗ ಸೋಡಿಯಂನಲ್ಲಿ 11 ಪ್ರೋಟಾನುಗಳಿಗೆ 10 ಎಲೆಕ್ಟ್ರಾನುಗಳು ಉಳಿದು ಅದು ಧನ ಅಯಾನು, ಅಂದರೆ ಧನಾವೇಶವುಳ್ಳ ಪರಮಾಣು, ಆಗುತ್ತದೆ. 18 ಎಲೆಕ್ಟ್ರಾನುಗಳಾದ ಕ್ಲೋರಿನ್ ಋಣ ಅಯಾನಾಗುತ್ತದೆ. ಅಯಾನುಗಳ ಲೆಕ್ಕದಲ್ಲಿ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಮಾತ್ರ ಬದಲಿಸಬೇಕು.

ಇದೇ ಕ್ರಮದಲ್ಲಿ 19ನೆಯ ಧಾತುವಾದ ಪೊಟ್ಯಾಸಿಯಂ ಅನ್ನು ಪ್ರಯತ್ನಿಸುವವರು 2, 8, 9 ಎಂದು ಬರೆಯಬಾರದು. ಮೂರನೆಯ ಕವಚದಲ್ಲಿ 18 ಎಲೆಕ್ಟ್ರಾನುಗಳವರೆಗೆ ಜಾಗವಿದ್ದರೂ, ನಾಲ್ಕನೆಯ ಕವಚದಲ್ಲಿ ಕಡಿಮೆ ಶಕ್ತಿಯ ಸ್ಥಾನ ಸಿಗುವುದರಿಂದ ಕೊನೆಯ ಎಲೆಕ್ಟ್ರಾನು ಅಲ್ಲಿಗೆ ಹೋಗುತ್ತದೆ. ಸರಿಯಾದ ಉತ್ತರ 2, 8, 8, 1.