ಕಾಫಿ ಪುಡಿ ಅಂಗಡಿಯ ನಾಲ್ಕು ನಿಮಿಷ: ಕ್ಲಾಸ್ ಪ್ರಾಜೆಕ್ಟ್ ಕಲಿಸಿದ ಎಡಿಟಿಂಗ್

ನಮ್ಮ ಕೋರ್ಸಿನಲ್ಲಿ ಪ್ರಾಜೆಕ್ಟ್‌ಗಳು ಮೂರು. ಮೊದಲು ಮಾತಿಲ್ಲದ ಒಂದು ನಿಮಿಷ, ಆಮೇಲೆ ಇಬ್ಬರ ಸಂಭಾಷಣೆ, ಕೊನೆಗೆ ನಾಲ್ಕು ನಿಮಿಷದ ಸಾಕ್ಷ್ಯಚಿತ್ರ. ಮೂರನ್ನೂ ಫೋನಿನಲ್ಲೇ ತೆಗೆದು, 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್‌ನಲ್ಲಿ ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹಾಕಿಕೊಂಡು ಕತ್ತರಿಸಿದ್ದೇನೆ. ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಮೂರನೆಯದರ ಬಗ್ಗೆ, ಬೆಂಗಳೂರಿನ ಗಾಂಧಿ ಬಜಾರ್ ಕಡೆಯ ಒಂದು ಕಾಫಿ ಪುಡಿ ಅಂಗಡಿ. ಹುರಿದ ಬೀಜ ಅಳೆಯುವುದು, ಬೀಸುವುದು, ಚಿಕೋರಿ ಬೆರೆಸುವುದು, ತೂಗುವುದು, ಪೊಟ್ಟಣ ಕಟ್ಟುವುದು: ಐದೇ ನಿಮಿಷದಲ್ಲಿ ಶುರುವಾಗಿ ಮುಗಿಯುವ ಕೆಲಸ, ದಿನಕ್ಕೆ ನೂರು ಸಲ ನಡೆಯುತ್ತದೆ. ಒಂದು ಶಾಟ್ ಕೆಟ್ಟರೆ ಮುಂದಿನ ಗಿರಾಕಿ ಬರುವವರೆಗೆ ಕಾದರಾಯಿತು. ಮದುವೆ, ಜಾತ್ರೆ, ಮೆರವಣಿಗೆಯನ್ನು ಮೊದಲ ಸಾಕ್ಷ್ಯಚಿತ್ರಕ್ಕೆ ಆರಿಸಬೇಡಿ ಅನ್ನುವುದು ಇದಕ್ಕೇ. ಅಲ್ಲಿ ಎರಡನೇ ಟೇಕ್ ಇಲ್ಲ.

ಎಡಿಟಿಂಗ್‌ನಲ್ಲಿ ಎದುರಾಗುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಶೂಟಿಂಗ್ ದಿನವೇ ಹುಟ್ಟಿರುತ್ತವೆ. ಹಾಗಾಗಿ ಕ್ಯಾಮೆರಾ ಸೆಟ್ಟಿಂಗಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಫೋನನ್ನು ಆಟೋದಲ್ಲಿ ಬಿಟ್ಟರೆ ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಸಮಯ) ಸೆಕೆಂಡಿನ 1/60, 1/120 ಹೀಗೆ ಎಲ್ಲೆಲ್ಲೋ ಹೋಗಿ ಕೂರುತ್ತದೆ, ಅಂಗಡಿಯ ಬಿಳಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ತೇಲುತ್ತವೆ. ಎಡಿಟಿಂಗ್‌ನಲ್ಲಿ ಇದನ್ನು ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ 1/50, ಇಷ್ಟು ಇಟ್ಟರೆ ಪಟ್ಟಿ ಬರುವುದಿಲ್ಲ. ಹಲವು ಫೋನುಗಳ ಸ್ವಂತ ಕ್ಯಾಮೆರಾ ಆ್ಯಪ್‌ನಲ್ಲಿ 25 ಇರುವುದೇ ಇಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ನಿಮ್ಮ ಫೋನಿಗೆ ಸಿಕ್ಕರೆ ಅದರಲ್ಲಿ ಇದೆ. ಸಿಗದಿದ್ದರೆ 30 ಫ್ರೇಮ್ ಇಟ್ಟುಕೊಂಡು ಶಟರನ್ನು ಮಾತ್ರ 1/50 ಅಥವಾ 1/100ಕ್ಕೆ ಕಟ್ಟಿಹಾಕಿ, ಪಟ್ಟಿ ಹೋಗುತ್ತದೆ. ಆದರೆ ಹಾಗೆ ತೆಗೆದದ್ದನ್ನು 25ರ ಟೈಮ್‌ಲೈನಿಗೆ (ಎಡಿಟಿಂಗ್ ವೇಳೆ ತುಂಡುಗಳನ್ನು ಜೋಡಿಸುವ ಸಾಲಿಗೆ) ತುರುಕಬೇಡಿ. ಪ್ರತಿ ಆರು ಫ್ರೇಮಿಗೆ ಒಂದು ಬಿದ್ದುಹೋಗಿ, ಕ್ಯಾಮೆರಾ ಪಕ್ಕಕ್ಕೆ ತಿರುಗುವ ಶಾಟುಗಳೆಲ್ಲ ಎಡವಿದ ಹಾಗೆ ಕಾಣುತ್ತವೆ. 30ರಲ್ಲಿ ಶುರು ಮಾಡಿದರೆ 30ರಲ್ಲೇ ಮುಗಿಸಿ.

ಅಂಗಡಿಯಿಂದ ಬೀದಿಗೆ ಬಂದ ಕೂಡಲೇ ಈ 1/50 ತಲೆನೋವು. ಫೋನಿನ ಲೆನ್ಸಿನ ಕಿಂಡಿ ಬಹುತೇಕ ಎಫ್/1.8ರ ಆಸುಪಾಸಿನಲ್ಲಿ ಒಂದೇ ಅಳತೆಗೆ ಇರುತ್ತದೆ, ಕಿರಿದು ಮಾಡಲು ಬರುವುದಿಲ್ಲ. ಚುರುಗುಟ್ಟುವ ಬಿಸಿಲಿಗೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 50 ಇಟ್ಟರೂ, ಆರು ಸ್ಟಾಪ್‌ಗಿಂತ ಚೂರು ಜಾಸ್ತಿಯೇ ಬೆಳಕು ಒಳಗೆ ನುಗ್ಗುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು). ಎನ್‌ಡಿ 64 ಎಂಬ ಬೆಳಕು ತಗ್ಗಿಸುವ ಫಿಲ್ಟರ್ ಸಿಕ್ಕಿಸಿಕೊಳ್ಳಬೇಕು, ಇಲ್ಲವೇ ನೆರಳಿಗೆ ಹೋಗಬೇಕು. ನಾನು ನೆರಳನ್ನೇ ನೆಚ್ಚಿಕೊಂಡೆ, ಫಿಲ್ಟರಿನ ದುಡ್ಡು ಮೈಕಿಗೆ ಉಳಿಯಿತು. ಇನ್ನೊಂದು ಮಾತು: ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ತಿಂಗಳುಗಳಲ್ಲಿ ಹನ್ನೊಂದರಿಂದ ಎರಡರವರೆಗೆ ಮನುಷ್ಯರ ಮುಖ ತೆಗೆದರೆ ಕಣ್ಣಿನ ಗುಳಿ ಕಪ್ಪಾಗಿ ತಲೆಬುರುಡೆಯ ಹಾಗೆ ಬರುತ್ತದೆ. ಬೆಳಗ್ಗೆ ಏಳರಿಂದ ಒಂಬತ್ತು ಒಳ್ಳೆಯದು. ಮಳೆಗಾಲದ ಸಂಜೆಗಳನ್ನು ಸಂದರ್ಶನಕ್ಕೆ ಇಟ್ಟುಕೊಳ್ಳಬೇಡಿ, ಶೀಟು ಹೊದಿಸಿದ ಅಂಗಡಿಯ ಮೇಲೆ ಮಳೆ ಹೊಯ್ದರೆ ಒಂದಕ್ಷರ ಕೇಳುವುದಿಲ್ಲ.

ವೈಟ್ ಬ್ಯಾಲೆನ್ಸನ್ನೂ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಲಾಕ್ ಮಾಡಿ. ಅಂಗಡಿಯೊಳಗೆ ಹಸಿರು ಛಾಯೆಯ ಟ್ಯೂಬ್‌ಲೈಟು, ಬಾಗಿಲಿಂದ ನೀಲಿ ಹಗಲು, ದೇವರ ಪಟದ ಮುಂದೆ ಹಳದಿ ಬಲ್ಬು ಇದ್ದರೆ ಆಮೇಲೆ ಬಣ್ಣ ತಿದ್ದುವ ಯಾವ ಕಲರ್ ಗ್ರೇಡಿಂಗೂ ಮೂರನ್ನು ಒಟ್ಟಿಗೆ ಸರಿಮಾಡುವುದಿಲ್ಲ. ಟ್ಯೂಬ್‌ಲೈಟ್ ಆಫ್ ಮಾಡಿ, ಯಜಮಾನರನ್ನು ಬಾಗಿಲ ಪಕ್ಕ ಕೂರಿಸಿ. ಅಷ್ಟೇ ಸಾಕು.

ಈಗ ಧ್ವನಿ. ಪ್ರಾಜೆಕ್ಟ್ ಎದ್ದು ನಿಲ್ಲುವುದೋ ಮಕಾಡೆ ಮಲಗುವುದೋ ಇಲ್ಲೇ. ಕಾಫಿ ಬೀಸುವ ಮಿಷನ್ ಓಡುತ್ತಿರುವಾಗ ಮಾತು ರೆಕಾರ್ಡ್ ಮಾಡಿದರೆ ಅದು ಮುಗಿದ ಕತೆ. ಮಾತನ್ನು ಮಿಷನ್ ನಿಲ್ಲಿಸಿ ತೆಗೆದುಕೊಳ್ಳಬೇಕು, ಮಿಷನ್ನಿನ ಸದ್ದನ್ನು ಬೇರೆಯಾಗಿ ಎರಡು ನಿಮಿಷ ತೆಗೆದುಕೊಳ್ಳಬೇಕು, ಸ್ವಿಚ್ ಹಾಕಿದ ಗಳಿಗೆಯಿಂದ ನಿಂತು ತಣ್ಣಗಾಗುವವರೆಗೆ. ಎಡಿಟಿಂಗ್‌ನಲ್ಲಿ ಎರಡನ್ನೂ ಬೇಕಾದ ಪ್ರಮಾಣಕ್ಕೆ ಬೆರೆಸಬಹುದು. ಬೆರೆತದ್ದನ್ನು ಬಿಡಿಸಲು ಬರುವುದಿಲ್ಲ, ಪುಡಿಗೆ ಬಿದ್ದ ಚಿಕೋರಿಯ ಹಾಗೆ.

ಬಟ್ಟೆಗೆ ಸಿಕ್ಕಿಸುವ ಮೈಕು ಗದ್ದದಿಂದ ಒಂದು ಗೇಣು ಕೆಳಗೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಹಿನ್ನೆಲೆಯ ಗದ್ದಲ ಇದ್ದಲ್ಲೇ ಇರುತ್ತದೆ. ಹತ್ತಿ ಅಂಗಿಯಾದರೆ ತೊಂದರೆಯಿಲ್ಲ, ಪಾಲಿಯೆಸ್ಟರ್ ಆದರೆ ಸರಬರ ಸದ್ದು. ಸೀರೆ ಉಟ್ಟವರಿಗೆ ಸೆರಗಿನ ಅಂಚಿಗೆ ಸಿಕ್ಕಿಸಿದರೆ ಮಾತಾಡುವಾಗೆಲ್ಲ ಸೆರಗು ಆಡಿ, ಸರ ತಾಗಿ ಟಿಣ್ ಅನ್ನುತ್ತದೆ. ಭುಜದ ಬಳಿ ಪಿನ್ ಮಾಡಿದ ಮಡಿಕೆಗೆ ಹಾಕಿ.

ವೈರಿನ ಕಾಲರ್ ಮೈಕನ್ನು ಇನ್ನೊಂದು ಫೋನಿಗೆ ಚುಚ್ಚಿ, ಆ ಫೋನನ್ನು ಅವರ ಜೇಬಿನಲ್ಲಿ ಇಡುವುದು ಅಗ್ಗದ ದಾರಿ. ಇಲ್ಲೊಂದು ಮೋಸವಿದೆ. ಮೈಕಿನ ಪಿನ್ ನೋಡಿ: ಎರಡು ಕಪ್ಪು ಉಂಗುರ ಇದ್ದರೆ ಅದು ಟಿಆರ್‌ಎಸ್, ಕ್ಯಾಮೆರಾಗೆ. ಮೂರು ಉಂಗುರ ಇದ್ದರೆ ಟಿಆರ್‌ಆರ್‌ಎಸ್, ಫೋನಿಗೆ. ಎರಡರದ್ದನ್ನು ಫೋನಿಗೆ ಚುಚ್ಚಿದರೆ ಫೋನು ಜೇಬಿನೊಳಗಿನ ತನ್ನದೇ ಮೈಕಿನಲ್ಲಿ ರೆಕಾರ್ಡ್ ಮಾಡುತ್ತಾ ಹೋಗುತ್ತದೆ, ಪರದೆಯ ಮೇಲೆ ಅಲೆ ಏಳುತ್ತಲೇ ಇರುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಮನೆಗೆ ಬಂದು ಕೇಳಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ. ಪರೀಕ್ಷೆ ಸುಲಭ: ರೆಕಾರ್ಡ್ ಒತ್ತಿ ಕಾಲರ್ ಮೈಕನ್ನು ಉಗುರಿನಿಂದ ಗೀರಿ, ಆಮೇಲೆ ಫೋನಿನ ಬುಡವನ್ನು ಗೀರಿ. ಯಾವುದಕ್ಕೆ ಅಲೆ ಏಳುತ್ತದೋ ಅದೇ ನಿಮ್ಮ ಮೈಕು. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ. ರೆಕಾರ್ಡಿಂಗ್ ಮೀಟರಿನಲ್ಲಿ (ಸೊನ್ನೆಯೇ ಗರಿಷ್ಠ) ಧ್ವನಿಯ ಶಿಖರ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ಇರಲಿ, ನಗು ಬಂದಾಗಲೂ ಮೈನಸ್ 6 ದಾಟದಿರಲಿ. ಸೊನ್ನೆಗೆ ತಾಗಿ ಒಡೆದ ಧ್ವನಿಯನ್ನು ಮತ್ತೆ ಕೂಡಿಸುವುದಿಲ್ಲ ಯಾರೂ.

ಫ್ಯಾನು ಆರಿಸಿ, ಫ್ರಿಡ್ಜ್ ಆರಿಸಿ. ಹೊರಡುವಾಗ ಮತ್ತೆ ಹಾಕುವುದು ಮರೆಯದಿರಲು ನಿಮ್ಮ ಗಾಡಿಯ ಕೀಯನ್ನು ಅದೇ ಫ್ರಿಡ್ಜಿನೊಳಗೆ ಇಡಿ. ಎಲ್ಲಕ್ಕಿಂತ ಮುಖ್ಯ, ರೇಡಿಯೋ ನಿಲ್ಲಿಸಿ ಅಂತ ಕೇಳಿಕೊಳ್ಳಿ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಓಡುತ್ತಿದ್ದರೆ ಮಾತಿನ ನಡುವೆ ಎಲ್ಲೂ ಕತ್ತರಿ ಹಾಕಲಾಗದು, ಪಲ್ಲವಿಯಿಂದ ಹಾರಿ ಚರಣಕ್ಕೆ ಬೀಳುತ್ತದೆ. ಯೂಟ್ಯೂಬಿಗೆ ಹಾಕಿದ ಮೇಲೆ ಕಾಪಿರೈಟ್ ತಗಾದೆ ಬೇರೆ. ಮಾತೆಲ್ಲ ಮುಗಿದ ಮೇಲೆ ಯಾರೂ ಉಸಿರೆತ್ತದೆ ಅದೇ ಜಾಗದ ಮೌನವನ್ನು 30 ಸೆಕೆಂಡ್ ತೆಗೆದುಕೊಳ್ಳಿ. ಮಾತಿನ ತುಂಡುಗಳ ನಡುವೆ ತುಂಬಲು ಅದು ಬೇಕು. ಖಾಲಿ ಬಿಟ್ಟರೆ ಕಿವಿಗೆ ಗುಂಡಿ ಬಿದ್ದ ಅನುಭವ.

ಪ್ರಶ್ನೆ ಕೇಳುವ ರೀತಿಯೂ ಎಡಿಟಿಂಗ್‌ಗೇ ಸೇರಿದ್ದು. "ಅಂಗಡಿ ಯಾವಾಗ ಶುರುವಾಯ್ತು ಸಾರ್?" ಅಂದರೆ "ಎಪ್ಪತ್ತೆಂಟು" ಅಂತಾರೆ. ಪ್ರಶ್ನೆಯನ್ನು ಕತ್ತರಿಸಿದ ಮೇಲೆ ಈ ಉತ್ತರಕ್ಕೆ ತಲೆಬುಡ ಇಲ್ಲ. "ಅಂಗಡಿ ಶುರುವಾದ ಕತೆ ಹೇಳಿ ಸಾರ್" ಅಂದರೆ ಪೂರ್ತಿ ವಾಕ್ಯ ಸಿಗುತ್ತದೆ. ಅವರು ಹೇಳುವಾಗ ನಾವು "ಹೂಂ, ಹೌದಾ" ಅನ್ನಬಾರದು. ನಮ್ಮ ಭಾಷೆಯಲ್ಲಿ ಹೂಂಗುಟ್ಟದೆ ಕೇಳುವುದು ಸ್ವಲ್ಪ ಮರ್ಯಾದೆಗೇಡು ಅನಿಸುತ್ತದೆ, ಅದಕ್ಕೆ ಮೊದಲೇ ಹೇಳಿಬಿಡಿ, ಬರೀ ತಲೆ ಆಡಿಸ್ತೀನಿ ಅಂತ.

ಶಾಟುಗಳ ಲೆಕ್ಕ: ಪ್ರತಿಯೊಂದನ್ನೂ ಕ್ಯಾಮೆರಾ ಅಲುಗದೆ 10 ಸೆಕೆಂಡ್. ಅಂಗಡಿ ಪೂರ್ತಿ, ಕೈ, ಮುಖ, ತಕ್ಕಡಿ, ಉದುರುವ ಪುಡಿ, ಕಾಯುವ ಗಿರಾಕಿ. ನಾಲ್ಕು ನಿಮಿಷದ ಚಿತ್ರಕ್ಕೆ ನನಗೆ ಬೇಕಾದದ್ದು 40 ನಿಮಿಷದ ಸರಕು, ಅದರಲ್ಲಿ 22 ನಿಮಿಷ ಬರೀ ಸಂದರ್ಶನ. 4ಕೆಯಲ್ಲಿ ಸೆಕೆಂಡಿಗೆ 50 ಮೆಗಾಬಿಟ್ ಅಂದರೆ ನಿಮಿಷಕ್ಕೆ 375 ಎಂಬಿ, ಒಟ್ಟು 15 ಜಿಬಿ. ಫೋನಿನಲ್ಲಿ ಅಷ್ಟು ಜಾಗ ಇದೆಯಾ ಅಂತ ಹಿಂದಿನ ರಾತ್ರಿಯೇ ನೋಡಿ.

ಅನುಮತಿಯ ವಿಷಯ. ಅಂಗಡಿಯೊಳಗೆ ಯಜಮಾನರ ಒಪ್ಪಿಗೆ ಸಾಕು, ಅದನ್ನು ಕ್ಯಾಮೆರಾ ಮುಂದೆಯೇ ಹೇಳಿಸಿಕೊಳ್ಳಿ. ಫುಟ್‌ಪಾತಿನಲ್ಲಿ ಕೈಯಲ್ಲಿ ಹಿಡಿದ ಫೋನನ್ನು ಯಾರೂ ಕೇಳುವುದಿಲ್ಲ, ಟ್ರೈಪಾಡ್ ಬಿಚ್ಚಿದ ಕೂಡಲೇ ಯಾರೋ ಒಬ್ಬರು ಬಂದೇ ಬರುತ್ತಾರೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು, ಕಾಲೇಜಿನ ಪತ್ರ ಹಿಡಿದು ಮೊದಲೇ ಕೇಳಬೇಕು. ಮೆಟ್ರೋ ಒಳಗೆ ಅನುಮತಿಯಿಲ್ಲದೆ ಶೂಟ್ ಮಾಡುವ ಯೋಚನೆ ಬಿಡಿ.

ಲ್ಯಾಪ್‌ಟಾಪ್‌ಗೆ ಬಂದ ಮೇಲೆ ಮೊದಲ ಕೆಲಸ ಫೋಲ್ಡರ್. ವಿಡಿಯೋ, ಧ್ವನಿ, ಸ್ಟಿಲ್, ಪ್ರಾಜೆಕ್ಟ್, ಔಟ್‌ಪುಟ್, ಐದೂ ಒಂದೇ ದೊಡ್ಡ ಫೋಲ್ಡರಿನೊಳಗೆ. ಅದರ ಪೂರ್ತಿ ನಕಲು ಇನ್ನೊಂದು ಡಿಸ್ಕಿನಲ್ಲಿ. ಆಮೇಲೆ ಯಾವ ಫೈಲನ್ನೂ ಎತ್ತಿಡಬಾರದು. "ಮೀಡಿಯಾ ಆಫ್‌ಲೈನ್" ಅಂತ ಕೆಂಪು ಪರದೆ ಬರುವುದು ಫೈಲ್ ಕಳೆದುಹೋಗಿದ್ದಕ್ಕಲ್ಲ, ಜಾಗ ಬದಲಾದದ್ದಕ್ಕೆ. ಲ್ಯಾಬಿನ ಕಂಪ್ಯೂಟರಿಗೆ ಕೆಲಸ ಒಯ್ಯುವವರು ಬರೀ ಪ್ರಾಜೆಕ್ಟ್ ಫೈಲ್ ಎಕ್ಸ್‌ಪೋರ್ಟ್ ಮಾಡಿದರೆ ಅದರಲ್ಲಿ ವಿಡಿಯೋ ಇರುವುದಿಲ್ಲ, ಬರೀ ಕತ್ತರಿಯ ಗುರುತುಗಳಿರುತ್ತವೆ. "ಪ್ರಾಜೆಕ್ಟ್ ಆರ್ಕೈವ್" ಆರಿಸಬೇಕು.

ರಿಸಾಲ್ವ್ ಹೊಸ ಪ್ರಾಜೆಕ್ಟನ್ನು 24 ಫ್ರೇಮಿಗೆ ತೆರೆಯುತ್ತದೆ. ಒಂದೇ ಒಂದು ಕ್ಲಿಪ್ ಒಳಗೆ ತರುವ ಮೊದಲೇ ಸೆಟ್ಟಿಂಗ್‌ಗೆ ಹೋಗಿ 25 ಮಾಡಿ (30ರಲ್ಲಿ ತೆಗೆದಿದ್ದರೆ 30), ಆಮೇಲೆ ಆ ಸಾಲು ಮಸುಕಾಗಿ ಕೈಗೆ ಸಿಗುವುದಿಲ್ಲ.

ಫೋನಿನ ವಿಡಿಯೋದ ದೊಡ್ಡ ರೋಗ, ಫ್ರೇಮ್ ರೇಟ್ ಒಂದೇ ಸಮ ಇರದಿರುವುದು. ಬೆಳಕು ಕಮ್ಮಿಯಾದರೆ, ಫೋನು ಬಿಸಿಯಾದರೆ ಅದು ತನಗೆ ತೋಚಿದ ಹಾಗೆ ಏರಿಳಿಯುತ್ತದೆ. ಶುರುವಿನಲ್ಲಿ ತುಟಿಗೂ ಮಾತಿಗೂ ತಾಳ ಇರುತ್ತದೆ, ಹತ್ತು ನಿಮಿಷ ಹೋದ ಮೇಲೆ ಡಬ್ಬಿಂಗ್ ಚಿತ್ರ ನೋಡಿದ ಹಾಗೆ. ಇದನ್ನು ಹಿಡಿಯಲು ರೆಕಾರ್ಡಿಂಗಿನ ಆರಂಭದಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ. ಎರಡೂ ಕಡೆ ಕೈ ಸೇರುವ ಚಿತ್ರಕ್ಕೂ ಸದ್ದಿಗೂ ಒಂದೇ ಅಳತೆಯ ವ್ಯತ್ಯಾಸ ಇದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಮುಗಿಯಿತು. ಕೊನೆಯಲ್ಲಿ ಜಾಸ್ತಿ ಇದ್ದರೆ ರೋಗ ಖಚಿತ: ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ 25 (30ರಲ್ಲಿ ತೆಗೆದಿದ್ದರೆ 30), "ಕಾನ್‌ಸ್ಟಂಟ್" ಅಂತ ಆರಿಸಿ, ಗುಣಮಟ್ಟ ಆರ್‌ಎಫ್ 18 ಇಟ್ಟು ಎಲ್ಲ ಕ್ಲಿಪ್ಪನ್ನೂ ಪರಿವರ್ತಿಸಿ ಆಮೇಲೆ ಒಳಗೆ ತನ್ನಿ. ಚಪ್ಪಾಳೆಯನ್ನು ಮೈಕಿನ ಹತ್ತಿರವೇ ತಟ್ಟಿ. ಸದ್ದು ಒಂದು ಫ್ರೇಮಿನ ಕಾಲದಲ್ಲಿ, ಅಂದರೆ 40 ಮಿಲಿಸೆಕೆಂಡಿನಲ್ಲಿ, ಸುಮಾರು 14 ಮೀಟರ್ ಮಾತ್ರ ಹೋಗುತ್ತದೆ. ರಸ್ತೆಯ ಆಚೆ ಬದಿ ನಿಂತು ತಟ್ಟಿದರೆ ಅಷ್ಟು ತಡವಾಗಿಯೇ ದಾಖಲಾಗುತ್ತದೆ.

8 ಜಿಬಿ ರ‍್ಯಾಮಿಗೆ 4ಕೆ ಎಚ್.264 (ವಿಡಿಯೋ ಕುಗ್ಗಿಸಿಡುವ ಒಂದು ವಿಧಾನ) ಎಳೆಯಲಾಗದು. ಆ ಫೈಲಿನಲ್ಲಿ ಪ್ರತಿ ಫ್ರೇಮ್ ಪೂರ್ತಿ ಇರುವುದಿಲ್ಲ, ಅಕ್ಕಪಕ್ಕದ್ದಕ್ಕಿಂತ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ಒಂದು ಫ್ರೇಮ್ ತೋರಿಸಲು ಹತ್ತಾರು ಬಿಡಿಸಬೇಕು. ಪ್ರಾಕ್ಸಿ (ಎಡಿಟ್ ಮಾಡುವಾಗ ಮಾತ್ರ ಬಳಸುವ, ಸುಲಭವಾಗಿ ಓಡುವ ನಕಲು) ಮಾಡಿಕೊಳ್ಳಿ, ಫೈಲಿನ ಮಾದರಿ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ, 1080ಪಿ. ಅದು ಸೆಕೆಂಡಿಗೆ ಸುಮಾರು 36 ಮೆಗಾಬಿಟ್, 40 ನಿಮಿಷಕ್ಕೆ 11 ಜಿಬಿ ಹತ್ತಿರ. ಪ್ರಾಕ್ಸಿ ಅಂದರೆ ಚಿಕ್ಕ ಫೈಲ್ ಅಂತ ತಿಳಿದವರ ಡಿಸ್ಕು ಇಲ್ಲೇ ತುಂಬುವುದು. ಹಗುರವಾಗುವುದು ಪ್ರೊಸೆಸರಿನ ಹೊರೆ, ಡಿಸ್ಕಿನದಲ್ಲ.

ಕತ್ತರಿ ಹಾಕುವಾಗ ಚಿತ್ರ ನೋಡದೆ ಶುರು ಮಾಡುತ್ತೇನೆ. 22 ನಿಮಿಷದ ಮಾತನ್ನು ಟೈಮ್‌ಕೋಡ್ (ಎಷ್ಟನೇ ನಿಮಿಷ, ಸೆಕೆಂಡ್) ಸಮೇತ ನೋಟ್‌ಬುಕ್ಕಿನಲ್ಲಿ ಬರೆದು, ಬೇಕಾದ ಸಾಲುಗಳಿಗೆ ಗೆರೆ ಎಳೆದು, ಬರೀ ಧ್ವನಿಯಲ್ಲಿ ಎರಡೂವರೆ ನಿಮಿಷಕ್ಕೆ ಇಳಿಸುವುದು. ಕಣ್ಣುಮುಚ್ಚಿ ಕೇಳಿದರೆ ರೇಡಿಯೋ ಕಾರ್ಯಕ್ರಮದ ಹಾಗೆ ಅರ್ಥವಾಗಬೇಕು. ಆಮೇಲೆ ಮಾತು ಕತ್ತರಿಸಿದ ಪ್ರತಿ ಜಾಗದ ಮೇಲೆ ಕೈಯದೋ ತಕ್ಕಡಿಯದೋ ಶಾಟು ಕೂರುತ್ತದೆ, ಮುಖ ಹಾರುವುದು ಮರೆಯಾಗುತ್ತದೆ. ಮಿಷನ್ ಚಿತ್ರ ಬರುವ 12 ಫ್ರೇಮ್ ಮೊದಲೇ ಅದರ ಸದ್ದು ಬರಲಿ, ನೋಡುವವರು ತಾವೇ ಆ ಕಡೆ ತಿರುಗಿದ ಹಾಗಿರುತ್ತದೆ.

ಪೊಟ್ಟಣ ಕಟ್ಟುವ ಜೋಡಣೆ ನೋಡಿ. ದೂರದ ಶಾಟಿನಲ್ಲಿ ಅವರು ಪೊಟ್ಟಣ ಎತ್ತಿ ಬಾಯಿ ಮಡಿಸಲು ಹೋಗುತ್ತಾರೆ. ಹತ್ತಿರದ ಶಾಟಿನಲ್ಲಿ ಮಡಿಸಿ ದಾರ ಸುತ್ತುತ್ತಾರೆ. ಮಡಿಸಿಯಾದ ಮೇಲೆ ಕತ್ತರಿಸಿದರೆ ಎರಡು ಶಾಟು ಎರಡಾಗಿಯೇ ಕಾಣುತ್ತವೆ. ಹೆಬ್ಬೆರಳು ಕಾಗದವನ್ನು ಒತ್ತಲು ಹೊರಟ ಫ್ರೇಮಿನಲ್ಲಿ ಕತ್ತರಿಸಿ, ಹತ್ತಿರದ ಶಾಟನ್ನು ಅದೇ ಒತ್ತುವಿಕೆಯ ನಡುವಿನಿಂದ ಶುರು ಮಾಡಿದರೆ ಕಣ್ಣು ಕೈಯ ಹಿಂದೆ ಹೋಗುತ್ತದೆ, ಕತ್ತರಿ ಕಾಣುವುದಿಲ್ಲ. ಆದರೆ ದೂರದಲ್ಲಿ ದಾರದುಂಡೆ ಬಲಗೈ ಪಕ್ಕ ಇದ್ದು ಹತ್ತಿರದಲ್ಲಿ ಎಡಕ್ಕೆ ಬಂದಿದ್ದರೆ ಯಾವ ಜಾಣತನವೂ ನಡೆಯದು. ದೂರದ ಶಾಟ್ ಮುಗಿದ ಕೂಡಲೇ ಮೇಜಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕನ್ನಡದ ಹೆಸರುಪಟ್ಟಿ ಹಾಕುವಾಗ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುವುದು ಎಲ್ಲರಿಗೂ ಆಗುವ ಅನುಭವ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದಿದ್ದರೆ ಬೇರೆ ಫಾಂಟ್ ಹಾಕಿದಾಗ ಕಸವಾಗುತ್ತದೆ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ 2 ಉಚಿತವಾಗಿ ಸಿಗುತ್ತವೆ. "ಸ್ವಾತಂತ್ರ್ಯ", "ಕಾರ್ಯಕ್ರಮ" ಎರಡು ಪದ ಬರೆದು ನೋಡಿ. ಒಡೆದರೆ ಹೋರಾಡುವುದು ಬೇಡ, ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಬರೆದು ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿ ಟೈಮ್‌ಲೈನ್ ಮೇಲೆ ಇಡಿ. ಎರಡು ಸಾಲು ಇದ್ದರೆ ನಡುವಿನ ಅಂತರ ಹಿಗ್ಗಿಸಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಕೊನೆಗೆ ಧ್ವನಿಯ ಒಟ್ಟು ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ, 80 ಹರ್ಟ್ಜ್ ಕೆಳಗಿನ ಗುಡುಗುಡು ಸದ್ದು ಕತ್ತರಿಸಿ. ಎಚ್.264, 1080ಪಿ, ಸೆಕೆಂಡಿಗೆ 10 ಮೆಗಾಬಿಟ್, ನಾಲ್ಕು ನಿಮಿಷಕ್ಕೆ 300 ಎಂಬಿ. ಮಾಸ್ಟರ್ ಫೈಲನ್ನೂ (ಹೆಚ್ಚು ಕುಗ್ಗಿಸದ ದೊಡ್ಡ ಪ್ರತಿ) ಒಪ್ಪಿಸಬೇಕಿದ್ದರೆ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಫ್ಯಾಟ್32ಗೆ 4 ಜಿಬಿ ದಾಟಿದ ಫೈಲ್ ಹೋಗುವುದಿಲ್ಲ. ಕ್ಲಾಸಿನ ಪ್ರೊಜೆಕ್ಟರಿನಲ್ಲಿ ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತದೆ, ಹುರಿದ ಬೀಜ ಇದ್ದಿಲಿನ ಹಾಗೆ. ಹಿಂದಿನ ದಿನವೇ ಅಲ್ಲಿ ಒಮ್ಮೆ ಓಡಿಸಿ ನೋಡಿ, ನೆರಳುಗಳನ್ನು ಚೂರು ಎತ್ತಿ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಲು ಸಮಯ ಉಳಿದಿರಲಿ.