ಪಿಕಪ್ ಹಿಂಭಾಗ ತೂಗಾಡುತ್ತಿತ್ತು, ಪ್ಲೇಟ್ ಸೇರಿಸದೆ ಸರಿ ಮಾಡಿಸಿದೆ

ಕೋಲಾರದ ಕಡೆ ಪಿಕಪ್ ಓಡಿಸುವವರ ಹತ್ತಿರ ಹಿಂದಿನ ಸಸ್ಪೆನ್ಷನ್ ಮಾತೆತ್ತಿದರೆ ಒಂದೇ ಉತ್ತರ. "ಇನ್ನೆರಡು ಪ್ಲೇಟ್ ಹಾಕಿಸಿಬಿಡಿ."

ಪ್ಲೇಟ್ ಅಂದರೆ ಹಿಂದಿನ ಕಮಾನಿನಲ್ಲಿ (ಲೀಫ್ ಸ್ಪ್ರಿಂಗ್) ಒಂದರ ಮೇಲೊಂದು ಜೋಡಿಸಿರೋ ಉಕ್ಕಿನ ಪಟ್ಟಿ. ನಾನು ಸೆಕೆಂಡ್ ಹ್ಯಾಂಡ್ ತಗೊಂಡ ಗಾಡಿಗೆ ಹಳೇ ಓನರ್ ಆಗಲೇ ಹಾಕಿಸಿದ್ದರು. ಆದರೂ ಶ್ರೀನಿವಾಸಪುರದಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ತುಂಬಿಕೊಂಡು ಬರುವಾಗ ತಿರುವಿನಲ್ಲಿ ಹಿಂಭಾಗ ಒಂದು ಕಡೆ ವಾಲಿ, ಸ್ಟೀರಿಂಗ್ ನೇರ ಮಾಡಿದ ಮೇಲೂ ಇನ್ನೊಂದು ಕಡೆಗೆ ತೂಗುತ್ತಿತ್ತು. ಖಾಲಿ ವಾಪಸ್ ಹೋಗುವಾಗ ಇನ್ನೂ ಕಷ್ಟ. ಹಂಪ್ ಸಿಕ್ಕರೆ ಹಿಂದಿನ ಚಕ್ರ ಕುಣಿಯೋದು, ಮಳೆ ಬಿದ್ದಿದ್ದರಂತೂ ಬ್ರೇಕ್ ಒತ್ತೋಕೇ ಭಯ.

ಪ್ಲೇಟ್ ಭಾರ ಹೊರುತ್ತೆ. ಕುಣಿತ ನಿಲ್ಲಿಸೋದು ಶಾಕ್ ಅಬ್ಸಾರ್ಬರ್ ಕೆಲಸ. ಆಕ್ಸಲ್ (ಚಕ್ರಗಳ ಅಚ್ಚು) ಅಲುಗದ ಹಾಗೆ ಹಿಡಿಯೋದು ಕಮಾನಿನ ತುದಿಯ ಬುಶ್‌ಗಳು (ರಬ್ಬರ್ ಕೊಳವೆ), ಪ್ಲೇಟ್‌ಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ಮತ್ತು ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳು. ಬುಶ್ ಸವೆದರೆ ತಿರುವಿನಲ್ಲಿ ಆಕ್ಸಲ್ ಚೂರು ಓರೆಯಾಗುತ್ತೆ, ಆಗ ಹಿಂದಿನ ಚಕ್ರಗಳೇ ಗಾಡಿಯನ್ನು ತಿರುಗಿಸಿದ ಹಾಗೆ ಆಗುತ್ತೆ. ಇಂಥ ಗಾಡಿಗೆ ಎಷ್ಟು ಪ್ಲೇಟ್ ಹಾಕಿ ಏನು ಪ್ರಯೋಜನ? ಖಾಲಿ ಇದ್ದಾಗ ಗಡಸು ಜಾಸ್ತಿಯಾಗಿ ಚಕ್ರ ರಸ್ತೆ ಬಿಡೋದೊಂದು ಉಳಿಯುತ್ತೆ.

ಬಿಚ್ಚುವ ಮೊದಲು ಟೇಪ್ ಹಿಡಿದು ಕಮಾನಿನ ಮುಂದಿನ ಪಿನ್‌ನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಅಳೆದೆವು. ಎರಡೂ ಒಂದೇ ಬಂತು, ಅಂದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿಲ್ಲ. ಆಮೇಲೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಶಾಕ್ ಬಿಚ್ಚಿದೆವು. ಕೈಯಲ್ಲಿ ಒತ್ತಿದರೆ ರಾಡ್ ಅರ್ಧ ದೂರ ಸರಕ್ಕನೆ ಒಳಗೆ ಹೋಯಿತು, ತಡೆಯೇ ಇಲ್ಲ. ಮೈಯೆಲ್ಲ ಎಣ್ಣೆ, ಅದರ ಮೇಲೆ ಕೆಂಪು ಧೂಳು ಮೆತ್ತಿಕೊಂಡು ಗಟ್ಟಿಯಾಗಿತ್ತು. ಶ್ಯಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಬುಶ್ ರಬ್ಬರ್ ಒಂದು ಬದಿಗೆ ಕಾಗದದಷ್ಟು ತೆಳ್ಳಗೆ ಸವೆದಿತ್ತು. ಎಡಗಡೆ ಕಮಾನಿನ ಮೂರನೇ ಪ್ಲೇಟ್‌ನಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಉದ್ದಕ್ಕೂ ತುಕ್ಕಿನ ಪುಡಿ ಗೆರೆ ಎಳೆದಿತ್ತು, ಒರೆಸದೆ ನೋಡಿದ್ದಕ್ಕೆ ಕಾಣಿಸಿತು.

ಎಕ್ಸ್‌ಟ್ರಾ ಪ್ಲೇಟ್ ತೆಗೆಯಿರಿ ಅಂದಾಗ ಮೆಕ್ಯಾನಿಕ್ ಮುಖ ನೋಡಬೇಕಿತ್ತು.

"ಸಾರ್, ಲೋಡ್‌ಗೆ ಕೂತ್ಕೊಂಡುಬಿಡುತ್ತೆ."

"ಕೂರ್ಲಿ ಬಿಡಣ್ಣ, ನಾನು ಆರ್‌ಸಿಯಲ್ಲಿ ಇರೋದಕ್ಕಿಂತ ಜಾಸ್ತಿ ಹಾಕಲ್ಲ."

15 ಕೆ.ಜಿ.ಯ ಟೊಮೆಟೊ ಬಾಕ್ಸ್ 100 ಇಟ್ಟರೆ ಒಂದೂವರೆ ಟನ್ ಆಯಿತು. ಪ್ಲೇಟ್ ಸೇರಿಸಿದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಬ್ರೇಕ್ ಏನೂ ದೊಡ್ಡದಾಗಲ್ಲ, ಕಾನೂನಿನ ಲೆಕ್ಕವೂ ಬದಲಾಗಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಮೇಲಿನ ಒಂದೊಂದು ಟನ್‌ಗೂ ಇನ್ನೆರಡು ಸಾವಿರ.

ಬಿರುಕು ಬಿಟ್ಟ ಪ್ಲೇಟನ್ನು ಕಾಯಿಸಿ ವೆಲ್ಡ್ ಮಾಡಿಕೊಡ್ತೀನಿ ಅಂದವರೂ ಇದ್ದರು. ಬೇಡ ಅಂದೆ. ಸುಮ್ನೆ ಬೆಂಕಿಗೆ ಹಿಡಿದರೆ ಆ ಉಕ್ಕಿನ ಹದ ಹೋಗುತ್ತೆ, ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಅದೇ ಅಳತೆಯ ಹೊಸದು ಹಾಕಿಸಿದೆ. ದಪ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತೆ ಅನ್ನೋ ಮಾತು ನಂಬಬೇಡಿ, ದಪ್ಪ ಎರಡರಷ್ಟಾದರೆ ಗಡಸು ಎಂಟರಷ್ಟಾಗುತ್ತೆ. ಜೊತೆಗೆ ಎರಡೂ ಕಡೆ ಹೊಸ ಶಾಕ್, ಎಲ್ಲಾ ಬುಶ್, ಯು ಬೋಲ್ಟ್. ಹಳೇ ಯು ಬೋಲ್ಟ್ ಮತ್ತೆ ಹಾಕೋದು ನನಗಂತೂ ಒಪ್ಪಿಗೆ ಇಲ್ಲ. ಒಮ್ಮೆ ಜಗ್ಗಿದ ಬೋಲ್ಟ್ ಮೊದಲಿನ ಬಿಗಿ ಹಿಡಿಯಲ್ಲ.

ಬುಶ್ ಬೋಲ್ಟ್‌ಗಳ ಕೊನೇ ಬಿಗಿತ ಮಾತ್ರ ಗಾಡಿ ಕೆಳಗಿಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಮಾಡಿಸಿ. ಮೇಲೆ ನೇತಾಡುವಾಗಲೇ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಇದಕ್ಕೆ ನಾನೇ ಪಕ್ಕದಲ್ಲಿ ನಿಂತಿದ್ದೆ, ಯಾಕೆಂದರೆ ಅವಸರದಲ್ಲಿ ಯಾರೂ ಮಾಡಲ್ಲ.

ಈಗ ಲೋಡ್ ಹಾಕಿದರೆ ಹಿಂಭಾಗ ಮೊದಲಿಗಿಂತ ಕೆಳಗೆ ಕೂರುತ್ತೆ, ಅದು ನಿಜ. ಆದರೆ ಮುಳಬಾಗಿಲು ಕಡೆ ಹೈವೇನಲ್ಲಿ ಲಾರಿ ಓವರ್‌ಟೇಕ್ ಮಾಡಿ ಲೇನ್‌ಗೆ ಬಂದರೆ ಒಂದೇ ಸಲ ವಾಲಿ ನಿಲ್ಲುತ್ತೆ, ಎರಡನೇ ತೂಗಾಟ ಇಲ್ಲ. ಕೆಲವು ಗಾಡಿಗಳಲ್ಲಿ ಲೋಡ್ ನೋಡಿ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್ ಆಕ್ಸಲ್‌ಗೆ ಸೇರಿರುತ್ತೆ. ಹಿಂಭಾಗದ ಎತ್ತರ ಬದಲಾದರೆ ಅದನ್ನೂ ಹೆಡ್‌ಲೈಟನ್ನೂ ಅವತ್ತೇ ಸರಿಮಾಡಿಸಿ. ಮೊದಲ ಲೋಡ್ ಇಳಿಸಿದ ಮೇಲೆ ಯು ಬೋಲ್ಟ್‌ಗೆ ಮತ್ತೆ ಪಾನಾ ಹಾಕಿಸಿದೆ, ನಾಲ್ಕರಲ್ಲೂ ಅಷ್ಟಿಷ್ಟು ತಿರುಗಿತು.